ಕಾಗದ ಹೋದ ದಾರಿ: ಬೈಲಹೊಂಗಲ ಸೀಮೆಯ ಸಂಶೋಧನೆಗೆ ಆಕರಗಳೆಲ್ಲಿ?

1884ರಲ್ಲಿ ಜೇಮ್ಸ್ ಕ್ಯಾಂಬೆಲ್ ಸಂಪಾದಕತ್ವದಲ್ಲಿ ಹೊರಬಂದ ಬಾಂಬೆ ಪ್ರಾಂತದ ಗ್ಯಾಸೆಟಿಯರಿನ ಇಪ್ಪತ್ತೊಂದನೆಯ ಸಂಪುಟ ಪೂರ್ತಿ ಬೆಳಗಾವಿ ಜಿಲ್ಲೆಯದು. ಬೈಲಹೊಂಗಲ ತಾಲೂಕಿನ ಮೇಲೆ ಎಂ.ಎ. ಕಿರುಪ್ರಬಂಧ ಬರೆಯಹೊರಟವರು ಆ ಸಂಪುಟ ತೆರೆದರೆ ತಮ್ಮ ತಾಲೂಕನ್ನೇ ಕಾಣುವುದಿಲ್ಲ. ಸವದತ್ತಿ ತಾಲೂಕೂ ಅಲ್ಲಿಲ್ಲ. ಬೈಲಹೊಂಗಲ ಆಗ ಸಂಪಗಾವಿ ತಾಲೂಕಿಗೆ ಸೇರಿತ್ತು. ಸವದತ್ತಿಯ ತಾಲೂಕಿಗೆ ಪರಸಗಡ ಎಂಬ ಹೆಸರಿತ್ತು. ಕಿತ್ತೂರು ಸಂಪಗಾವಿಯೊಳಗಿನ ಒಂದು ಊರು. ರಾಮದುರ್ಗವಂತೂ ಜಿಲ್ಲೆಯ ಆಡಳಿತಕ್ಕೇ ಸೇರಿರಲಿಲ್ಲ, ಅದು ಭಾವೆ ಮನೆತನದ ಸಂಸ್ಥಾನ. ಇಷ್ಟು ಗೊತ್ತಿಲ್ಲದವರು ‘ಈ ಭಾಗದ ಬಗ್ಗೆ ಹಳೆಯ ಆಕರಗಳು ಲಭ್ಯವಿಲ್ಲ’ ಎಂದು ಮೊದಲ ಅಧ್ಯಾಯದಲ್ಲೇ ಬರೆದುಬಿಡುತ್ತಾರೆ. ಆಕರಗಳು ರಾಶಿ ಬಿದ್ದಿವೆ, ಬೇರೆ ಹೆಸರಿನ ಅಡಿಯಲ್ಲಿ.

ಸಂಶೋಧನಾ ವಿಧಾನ ಈಗ ಬಹುತೇಕ ಸ್ನಾತಕೋತ್ತರ ವಿಭಾಗಗಳ ಪಠ್ಯದಲ್ಲಿದೆ. ಪಿಎಚ್.ಡಿ.ಗೆ ಸೇರಿದವರಿಗೆ ಕೋರ್ಸ್‌ವರ್ಕ್ ಕಡ್ಡಾಯ. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಎಂಬ ಪತ್ರಿಕೆಯನ್ನೂ ಯುಜಿಸಿ ಸೇರಿಸಿದೆ. ಪ್ರಾಕ್ಕಲ್ಪನೆ ಎಂದರೇನು, ಮಾದರಿ ಆಯ್ಕೆಯಲ್ಲಿ ಎಷ್ಟು ಬಗೆ, ಪ್ರಾಥಮಿಕ ಆಕರಕ್ಕೂ ದ್ವಿತೀಯಕ ಆಕರಕ್ಕೂ ಏನು ವ್ಯತ್ಯಾಸ ಎಂಬುದೆಲ್ಲ ನೋಟ್ಸಿನಲ್ಲಿ ಸಿಗುತ್ತದೆ. ತನ್ನ ಊರಿನ ಪ್ರಾಥಮಿಕ ಆಕರ ಯಾವ ಊರಿನ ಯಾವ ಕಚೇರಿಯಲ್ಲಿದೆ ಎಂಬ ವಿಳಾಸ ಮಾತ್ರ ನೋಟ್ಸಿನಲ್ಲಿ ಇರುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮಟ್ಟಿಗೆ ಆ ವಿಳಾಸ ಹುಡುಕುವುದೇ ವಿಧಾನದ ಮೊದಲ ಪಾಠವಾಗಬೇಕು. ಯಾರ ಆಡಳಿತವಿತ್ತೋ ಅವರ ಬೆನ್ನ ಹಿಂದೆ ಕಾಗದ ಹೋಗಿದೆ. ಆಡಳಿತ ಬದಲಾದಾಗಲೆಲ್ಲ ಕಾಗದ ಹೋಗುವ ದಾರಿಯೂ ಬದಲಾಗಿದೆ.

ಕಿತ್ತೂರನ್ನೇ ತೆಗೆದುಕೊಳ್ಳಬಹುದು. 1824ರ ಅಕ್ಟೋಬರ್ 23ರಂದು ಅಲ್ಲಿನ ಕೋಟೆಯೆದುರಿನ ಕಾಳಗದಲ್ಲಿ ಸತ್ತ ಸೇಂಟ್ ಜಾನ್ ಥ್ಯಾಕರೆ ಧಾರವಾಡದ ಕಲೆಕ್ಟರ್. ಆಗ ಬೆಳಗಾವಿ ಎಂಬ ಜಿಲ್ಲೆಯೇ ಇರಲಿಲ್ಲ. ಧಾರವಾಡವನ್ನು ಒಡೆದು ಬೆಳಗಾವಿ ಜಿಲ್ಲೆ ಮಾಡಿದ್ದು 1836ರಲ್ಲಿ. ಆದ್ದರಿಂದ ರಾಣಿ ಚನ್ನಮ್ಮನ ಕಾಲದ ಕಿತ್ತೂರಿನ ಸರ್ಕಾರಿ ಕಾಗದಗಳನ್ನು ‘ಬೆಳಗಾವಿ’ ಎಂದು ಹುಡುಕಿದರೆ ಪ್ರಯೋಜನವಿಲ್ಲ. ಥ್ಯಾಕರೆಯ ಮೇಲಿನ ಅಧಿಕಾರಿ ವಿಲಿಯಂ ಚಾಪ್ಲಿನ್ ದಖ್ಖನ್ ಕಮಿಷನರ್ ಆಗಿ ಪುಣೆಯಲ್ಲಿದ್ದ. ಅವನ ಮೇಲೆ ಮುಂಬಯಿಯಲ್ಲಿ ಗವರ್ನರ್ ಎಲ್ಫಿನ್‌ಸ್ಟನ್, ಅವನ ಮೇಲೆ ಲಂಡನ್ನಿನ ಕಂಪನಿ ನಿರ್ದೇಶಕರು. ಕಿತ್ತೂರಿನ ಸುದ್ದಿ ಈ ಮೆಟ್ಟಿಲುಗಳನ್ನೇ ಹತ್ತುತ್ತ ಹೋಯಿತು, ಪ್ರತಿ ಮೆಟ್ಟಿಲಿನಲ್ಲೂ ಒಂದು ಪ್ರತಿ ಉಳಿಯಿತು. ಪುಣೆಯ ಪುರಾಭಿಲೇಖಾಗಾರದಲ್ಲಿ ದಖ್ಖನ್ ಕಮಿಷನರನ ಕಡತಗಳಿವೆ. ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಸರ್ಕಾರದ ನಡಾವಳಿಗಳಿವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳಿವೆ. ಮಹಾಪ್ರಬಂಧಕ್ಕಾಗಿ ನೇರ ಬೆಂಗಳೂರಿನ ವಿಧಾನಸೌಧದ ಪತ್ರಾಗಾರಕ್ಕೆ ಹೋದವರಿಗೆ ಅಲ್ಲಿ ಹೆಚ್ಚಾಗಿ ಕಾಣುವುದು ಹಳೇ ಮೈಸೂರಿನ ಕಾಗದ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿಯ ಕೈಯಲ್ಲಿತ್ತು ಎಂಬ ಸಂಗತಿ ಪರೀಕ್ಷೆಯಲ್ಲಿ ಬರೆಯುವ ಉತ್ತರವಾಗಿ ಉಳಿದರೆ ಸಾಲದು, ರೈಲಿನ ಟಿಕೆಟ್ ತೆಗೆಸುವ ಮೊದಲೂ ನೆನಪಾಗಬೇಕು.

ಪುಣೆಗೆ ಹೋಗುವವರಿಗೆ ಇನ್ನೊಂದು ಗೋಡೆ ಎದುರಾಗುತ್ತದೆ. ಪೇಶ್ವೆ ದಫ್ತರದ ಕಾಗದಗಳು ರುಮಾಲುಗಳಲ್ಲಿ ಕಟ್ಟಿದ ಮೋಡಿ ಲಿಪಿಯ ಮರಾಠಿ ಬರಹ. ಕಿತ್ತೂರಿನ ಮಲ್ಲಸರ್ಜ ದೇಸಾಯಿಗೂ ಪೇಶ್ವೆ ಎರಡನೆಯ ಬಾಜೀರಾಯನಿಗೂ ನಡೆದ ವ್ಯವಹಾರ ತಿಳಿಯಬೇಕಾದರೆ ಮೋಡಿ ಓದಲು ಬರಬೇಕು. ಮುಂಬಯಿ ಕರ್ನಾಟಕದ ಕುಲಕರ್ಣಿ ಮನೆತನಗಳ ಹಳೆಯ ಲೆಕ್ಕಪತ್ರಗಳೂ ಬಹಳಷ್ಟು ಇದೇ ಲಿಪಿಯಲ್ಲಿವೆ. ಎರಡು ತಲೆಮಾರಿನ ಹಿಂದೆ ಈ ಭಾಗದ ಅನೇಕ ಹಿರಿಯರು ಮೋಡಿ ಓದುತ್ತಿದ್ದರು, ಈಗ ಓದುವವರನ್ನು ಹುಡುಕಿಕೊಂಡು ಹೋಗಬೇಕು. ಇತಿಹಾಸ ವಿಭಾಗಗಳು ಕೋರ್ಸ್‌ವರ್ಕಿನಲ್ಲಿ ಇಡಬೇಕಾದ ಮೊದಲ ಕೌಶಲ ಇದು. ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಕಲಿಸುವ ಉತ್ಸಾಹದ ಕಾಲು ಭಾಗ ಮೋಡಿಗೆ ಸಿಕ್ಕರೂ ಕಿತ್ತೂರಿನ ಇತಿಹಾಸಕ್ಕೆ ಹೊಸ ಅಧ್ಯಾಯಗಳು ಸೇರುತ್ತವೆ.

ಮುದ್ರಿತ ಆಕರಗಳೂ ಕಡಿಮೆಯೇನಿಲ್ಲ. ಎಚ್.ಜೆ. ಸ್ಟೋಕ್ಸ್ ಬರೆದ ಬೆಳಗಾವಿ ಜಿಲ್ಲೆಯ ಐತಿಹಾಸಿಕ ವರದಿ 1870ರಲ್ಲಿ ಬಂತು. ಗ್ಯಾಸೆಟಿಯರ್ ಅದರ ಮೇಲೆ ನಿಂತಿದೆ, ಗ್ಯಾಸೆಟಿಯರಿನ ಮೇಲೆ ನಂತರದ ಹತ್ತಾರು ಪುಸ್ತಕಗಳು ನಿಂತಿವೆ. ಇಲ್ಲೇ ಒಂದು ಎಚ್ಚರ ಬೇಕು. ಐದು ಪುಸ್ತಕಗಳು ಒಂದೇ ಮಾತು ಹೇಳಿದರೆ ವಿದ್ಯಾರ್ಥಿ ಐದು ಸಾಕ್ಷಿ ಸಿಕ್ಕವೆಂದು ಬರೆಯುತ್ತಾನೆ, ಅಡಿಟಿಪ್ಪಣಿಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ ಐದೂ ಸ್ಟೋಕ್ಸ್‌ನಲ್ಲಿ ಕೂಡುತ್ತವೆ. ಅಲ್ಲಿಗೆ ಸಾಕ್ಷಿ ಒಂದೇ, ಅದೂ ಗೆದ್ದವರ ಕಡೆಯದು. 1825ರ ಲಂಡನ್ನಿನ ಏಷಿಯಾಟಿಕ್ ಜರ್ನಲ್ ಸಂಚಿಕೆಗಳಲ್ಲಿ ಕಿತ್ತೂರಿನ ವರ್ತಮಾನ ಅಚ್ಚಾಗಿದೆ. ಘಟನೆ ನಡೆದ ಕೆಲವೇ ತಿಂಗಳಲ್ಲಿ ಬರೆದ ಅಂಥ ವರದಿಯನ್ನೂ ಅರವತ್ತು ವರ್ಷಗಳ ನಂತರದ ಗ್ಯಾಸೆಟಿಯರನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಯಾವ ವಿವರ ಆಗಲೇ ಇತ್ತು, ಯಾವುದು ಆಮೇಲೆ ಬೆಳೆಯಿತು ಎಂಬುದು ತಿಳಿಯುತ್ತದೆ.

ಚನ್ನಮ್ಮ ತೀರಿಕೊಂಡ ದಿನದ ಪ್ರಶ್ನೆ ಇಂಥ ಪರೀಕ್ಷೆಗೆ ಒಳ್ಳೆಯ ಉದಾಹರಣೆ. ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು ಎಂಬಲ್ಲಿ ಎಲ್ಲರೂ ಒಂದೇ. ದಿನದ ವಿಷಯಕ್ಕೆ ಬಂದರೆ ಕೆಲವು ಪುಸ್ತಕಗಳು 2 ಎನ್ನುತ್ತವೆ, ಕೆಲವು 21 ಎನ್ನುತ್ತವೆ. ಒಂದನ್ನು ಆರಿಸಿ ಇನ್ನೊಂದನ್ನು ಮರೆತುಬಿಡುವುದು ಸುಲಭ. ಯಾವ ಲೇಖಕ ಯಾವ ದಿನ ಕೊಟ್ಟ, ಅವನಿಗೆ ಅದು ಎಲ್ಲಿಂದ ಬಂತು, ಮುದ್ರಣದಲ್ಲಿ ಒಂದು ಅಂಕಿ ಬಿದ್ದುಹೋಯಿತೇ ಎಂದು ಕೇಳುತ್ತ ಮೂಲ ಪತ್ರದವರೆಗೆ ಹೋಗುವ ಕೆಲಸ ಒಂದು ಕಿರುಪ್ರಬಂಧಕ್ಕೆ ಸಾಕು. ಸಂಗೊಳ್ಳಿ ರಾಯಣ್ಣನ ಜೀವನದ ತಾರೀಖುಗಳಿಗೂ ಇದೇ ಶ್ರದ್ಧೆ ಬೇಕು. ಬಿ.ಆರ್. ಪಂತುಲು 1961ರಲ್ಲಿ ತೆಗೆದ ‘ಕಿತ್ತೂರು ಚೆನ್ನಮ್ಮ’ ಚಿತ್ರದ ದೃಶ್ಯಗಳೂ ಸಂಭಾಷಣೆಗಳೂ ಜನಮನದಲ್ಲಿ ಎಷ್ಟು ಗಟ್ಟಿಯಾಗಿ ಕೂತಿವೆ ಎಂದರೆ ಅವು ಇತಿಹಾಸದ ಪ್ರಬಂಧಗಳೊಳಗೂ ಉಲ್ಲೇಖವಿಲ್ಲದೆ ನುಸುಳುತ್ತವೆ. ಆ ವೀರರ ಮೇಲಿನ ಗೌರವ ಪ್ರಮಾಣಗಳನ್ನು ಕೇಳುವುದರಿಂದ ಕುಂದುವುದಿಲ್ಲ.

ಕಿತ್ತೂರಿನ ಕಥೆಯಲ್ಲೇ ಇನ್ನೊಬ್ಬ ಇದ್ದಾನೆ; ಇಲ್ಲಿಯ ವಿದ್ಯಾರ್ಥಿಗಳು ಅವನನ್ನು ಬಿಡಬಾರದು. ಥ್ಯಾಕರೆ ಸತ್ತ ದಿನ ಸ್ಟೀವನ್‌ಸನ್ ಎಂಬವನ ಜೊತೆ ಸೆರೆ ಸಿಕ್ಕ ತರುಣ ಅಧಿಕಾರಿ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಒಂದು ತಿಂಗಳಿಗೂ ಹೆಚ್ಚು ಕಾಲ ಕಿತ್ತೂರಿನವರ ವಶದಲ್ಲಿದ್ದು ಬಿಡುಗಡೆಯಾದ ಈತ ಮುಂದಿನ ವರ್ಷಗಳಲ್ಲಿ ಇದೇ ಸೀಮೆಯಲ್ಲಿ ಕೆಲಸ ಮಾಡುತ್ತ ಕನ್ನಡ ನಾಡಿನ ಶಾಸನಗಳ ಪ್ರತಿ ಮಾಡಿಸತೊಡಗಿದ. ಹೀಗೆ ಕೂಡಿದ 595 ಶಾಸನಗಳ ಸಂಗ್ರಹ ‘ಕರ್ನಾಟಕ ದೇಶ ಇನ್‌ಸ್ಕ್ರಿಪ್ಶನ್ಸ್’ ಎಂಬ ಹೆಸರಿನ ಹಸ್ತಪ್ರತಿಯಾಯಿತು. ಅದರ ಆಧಾರದ ಮೇಲೆ ಆತ ಬರೆದ ಲೇಖನ 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಾಲುಕ್ಯರ ವಂಶಾವಳಿಯನ್ನು ಶಾಸನಗಳಿಂದ ಜೋಡಿಸುವ ಕೆಲಸಕ್ಕೆ ಅಲ್ಲಿ ನಾಂದಿಯಾಯಿತು. ಒಬ್ಬನೇ ಮನುಷ್ಯ ಕಿತ್ತೂರಿನ ದಂಗೆಗೆ ಪ್ರತ್ಯಕ್ಷ ಸಾಕ್ಷಿ, ಕನ್ನಡ ಶಾಸನ ಅಧ್ಯಯನದ ಮೊದಲಿಗರಲ್ಲಿ ಒಬ್ಬ. ಇಂಥವನ ಮೇಲೆ ಕನ್ನಡದಲ್ಲಿ ಒಂದು ಪೂರ್ಣ ಪ್ರಮಾಣದ ಅಧ್ಯಯನ ಕಿತ್ತೂರಿನ ಕಡೆಯಿಂದಲೇ ಬರಬೇಕು.

ಎಲಿಯಟ್ ಬಿಟ್ಟಲ್ಲಿಂದ ಜೆ.ಎಫ್. ಫ್ಲೀಟ್ ಮುಂದುವರಿಸಿದ. ಸವದತ್ತಿಯನ್ನು ರಾಜಧಾನಿ ಮಾಡಿಕೊಂಡು ಆಳಿ, ಆಮೇಲೆ ವೇಣುಗ್ರಾಮ ಅಂದರೆ ಬೆಳಗಾವಿಗೆ ಹೋದ ರಟ್ಟರ ಶಾಸನಗಳನ್ನು ಆತ ಪಾಠ, ಅನುವಾದಗಳ ಸಮೇತ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದ. ಸುಗಂಧವರ್ತಿ ಎಂದು ಶಾಸನಗಳು ಕರೆಯುವ ಊರು ಇದೇ ಸವದತ್ತಿ. ಹತ್ತಿರದ ಹೂಲಿಯ ಶಾಸನಗಳನ್ನು ಎಲ್.ಡಿ. ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ್ದಾನೆ. ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆಗೆ ಹೆಸರಾದ ಊರು. ಬಾದಾಮಿ ಚಾಲುಕ್ಯರ ಮೊದಲನೆಯ ಕೀರ್ತಿವರ್ಮನ ಕಾಲದ, ಕ್ರಿ.ಶ. 578ರ ತಾಮ್ರಪಟ ಸಿಕ್ಕಿದ್ದೂ ಅಲ್ಲೇ. ಕಿತ್ತೂರಿಗೆ ಹತ್ತಿರದ ದೇಗಾಂವದ ಕಮಲನಾರಾಯಣ ದೇವಾಲಯ ಗೋವೆಯ ಕದಂಬರ ಕಾಲದ್ದು, ಹನ್ನೆರಡನೆಯ ಶತಮಾನದ್ದು.

ಇಲ್ಲಿ ಒಂದು ತಪ್ಪುದಾರಿ ಮತ್ತೆ ಮತ್ತೆ ಕಾಣುತ್ತದೆ. ಶಾಸನ ಎಂದ ಕೂಡಲೇ ವಿದ್ಯಾರ್ಥಿಗಳು ಎಪಿಗ್ರಾಫಿಯಾ ಕರ್ನಾಟಿಕಾ ಹಿಡಿಯುತ್ತಾರೆ. ಬಿ.ಎಲ್. ರೈಸ್ ಆರಂಭಿಸಿದ ಆ ಮಹಾಕಾರ್ಯ ಹಳೇ ಮೈಸೂರು ಮತ್ತು ಕೊಡಗಿಗೆ ಸೇರಿದ್ದು. ಸವದತ್ತಿ ಅದರಲ್ಲಿ ಸಿಗುವುದಿಲ್ಲ. ಈ ಸೀಮೆಯ ಶಾಸನಗಳಿಗೆ ನೋಡಬೇಕಾದದ್ದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳು. ‘ಬಾಂಬೆ ಕರ್ನಾಟಕದ ಶಾಸನಗಳು’ ಎಂದೇ ಅವುಗಳನ್ನು ಗುರುತಿಸಲಾಗುತ್ತದೆ. ಜೊತೆಗೆ ಇಂಡಿಯನ್ ಆಂಟಿಕ್ವರಿಯ ಹಳೆಯ ಸಂಪುಟಗಳು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಹೊರತಂದ ಕರ್ನಾಟಕ ಇನ್‌ಸ್ಕ್ರಿಪ್ಶನ್ಸ್ ಮಾಲೆ. 1939ರಲ್ಲಿ ಮುಂಬಯಿ ಸರ್ಕಾರ ಸ್ಥಾಪಿಸಿದ ಆ ಸಂಸ್ಥೆ ಈಗ ಕರ್ನಾಟಕ ವಿಶ್ವವಿದ್ಯಾಲಯದ ಭಾಗ. ಕಿತ್ತೂರಿನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿಯೂ ಧಾರವಾಡದಲ್ಲಿದೆ.

ಪುಸ್ತಕದಲ್ಲಿ ಶಾಸನಪಾಠ ಸಿಕ್ಕ ಮೇಲೂ ಕಲ್ಲಿನ ಬಳಿಗೆ ಹೋಗಬೇಕು. ನೂರೈವತ್ತು ವರ್ಷಗಳ ಹಿಂದೆ ಪಡಿಯಚ್ಚು ತೆಗೆದಾಗ ಕಂಡ ಅಕ್ಷರ ಈಗ ಸುಣ್ಣದಡಿ ಮುಚ್ಚಿರಬಹುದು. ಆಗ ಮಣ್ಣಿನಲ್ಲಿ ಹೂತಿದ್ದ ಸಾಲು ಈಗ ಮೇಲೆ ಬಂದಿರಬಹುದು. ಸಂಜೆಯ ಓರೆ ಬಿಸಿಲಿನಲ್ಲಿ, ಅಥವಾ ರಾತ್ರಿ ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿದರೆ ಸವೆದ ಅಕ್ಷರದ ಅಂಚಿನಲ್ಲಿ ನೆರಳು ಕೂತು ಓದು ಸಿಗುತ್ತದೆ. ಫೋನಿನ ಕ್ಯಾಮೆರಾ ಇದಕ್ಕೆ ಸಾಕು. ಕಲ್ಲಿಗೆ ಎಣ್ಣೆ, ಬಣ್ಣ, ಸೀಮೆಸುಣ್ಣ ಹಚ್ಚುವುದು ಮಾತ್ರ ಎಂದೂ ಕೂಡದು. ಶಾಸನ ಎಲ್ಲಿ ನಿಂತಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಮೇಲೆ ಲಿಂಗವೋ ಜಿನಬಿಂಬವೋ, ಸ್ಥಳೀಯರು ಆ ಕಲ್ಲನ್ನು ಏನೆಂದು ಕರೆಯುತ್ತಾರೆ ಎಂಬ ಟಿಪ್ಪಣಿಗಳೂ ಪಾಠದಷ್ಟೇ ಬೆಲೆಯುಳ್ಳವು.

ಊರ ಹೆಸರನ್ನೇ ಆಕರವಾಗಿ ಓದುವ ಕಲೆಯನ್ನು ಕನ್ನಡಕ್ಕೆ ಕೊಟ್ಟವರು ಇದೇ ಮಣ್ಣಿನವರು. ಶಂಬಾ ಜೋಶಿ 1896ರಲ್ಲಿ ಹುಟ್ಟಿದ್ದು ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ವಿಶ್ವವಿದ್ಯಾಲಯದ ಪದವಿಯಿಲ್ಲದ ಈ ಶಾಲಾ ಮಾಸ್ತರರು ಹಟ್ಟಿ, ಪಟ್ಟಿಗಳಂಥ ಊರ ಹೆಸರುಗಳನ್ನೂ ಕುಲದೇವತೆಗಳನ್ನೂ ಆಚರಣೆಗಳನ್ನೂ ಪ್ರಮಾಣವಾಗಿಟ್ಟುಕೊಂಡು ಕನ್ನಡಿಗರ ಹಳೆಯ ನೆಲೆಯನ್ನು ಹುಡುಕುತ್ತ ಹೋದರು. ‘ಕರ್ಣಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ತೀರ್ಮಾನಗಳಲ್ಲಿ ಎಷ್ಟೋ ಇಂದು ಚರ್ಚೆಗೆ ಒಳಗಾಗಿವೆ. ಪ್ರಶ್ನೆ ಕೇಳುವ ಅವರ ರೀತಿ ಮಾತ್ರ ಈಗಲೂ ಹೊಸದು. ಅದಕ್ಕೆ ಎದುರು ಬದಿಯ ಶಿಸ್ತನ್ನು ಎಂ.ಎಂ. ಕಲಬುರ್ಗಿಯವರ ‘ಕನ್ನಡ ಸಂಶೋಧನ ಶಾಸ್ತ್ರ’ದಲ್ಲಿ ನೋಡಬೇಕು. ಆಕರ ಕೂಡಿಸುವುದು, ಅದರ ಸಾಚಾತನ ಪರೀಕ್ಷಿಸುವುದು, ಊಹೆಗೂ ಸತ್ಯಕ್ಕೂ ನಡುವೆ ಗೆರೆ ಎಳೆಯುವುದು ಹೇಗೆಂದು ಕನ್ನಡದ್ದೇ ಉದಾಹರಣೆಗಳೊಡನೆ ಬರೆದ ಪುಸ್ತಕವದು. ಇಂಗ್ಲಿಷ್ ಕೈಪಿಡಿಗಳ ಕನ್ನಡ ಸಾರಾಂಶ ಓದುವ ಬದಲು ವಿದ್ಯಾರ್ಥಿಗಳು ಇವರಿಬ್ಬರನ್ನು ಜೋಡಿಯಾಗಿ ಓದಿದರೆ ವಿಧಾನದ ಬಗ್ಗೆ ಹೆಚ್ಚು ಕಲಿಯುತ್ತಾರೆ.

ರಾಮದುರ್ಗದ ಕಾಗದ ಹೋದ ದಾರಿ ಬೇರೆಯೇ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದದ್ದು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ. ನರಗುಂದ ಸಂಸ್ಥಾನ ಬ್ರಿಟಿಷರ ಕೈಗೆ ಹೋಯಿತು, ಅದೇ ಮನೆತನದ ಇನ್ನೊಂದು ಕವಲಾದ ರಾಮದುರ್ಗ ಸಂಸ್ಥಾನವಾಗಿ ಉಳಿಯಿತು. ಮುಂದೆ 1939ರ ಏಪ್ರಿಲ್ 7ರಂದು ಪ್ರಜಾ ಸಂಘದ ಚಳವಳಿ ಸ್ಫೋಟಗೊಂಡು ಜನ ಸೆರೆಮನೆಗೆ ನುಗ್ಗಿದರು. ಪೊಲೀಸರೂ ಸತ್ತರು, ಆಮೇಲೆ ಗಲ್ಲಿನ ಶಿಕ್ಷೆಗಳೂ ಆದವು. ಗಾಂಧೀಜಿ ಆ ಹಿಂಸೆಯ ಬಗ್ಗೆ ‘ಹರಿಜನ’ದಲ್ಲಿ ಬರೆದರು. ಹರಿಜನದ ಸಂಚಿಕೆಗಳೂ ಗಾಂಧಿ ಸಮಗ್ರ ಕೃತಿಗಳ ನೂರು ಸಂಪುಟಗಳೂ ಸಾಬರಮತಿ ಆಶ್ರಮದ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಸಂಸ್ಥಾನಗಳ ಮೇಲ್ವಿಚಾರಣೆಯ ಕಾಗದಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ ನೋಡಬೇಕು. ಅದೇ ತಾಲೂಕಿನ ತೊರಗಲ್ಲ ಕೊಲ್ಹಾಪುರದ ಆಳ್ವಿಕೆಗೆ ಸೇರಿದ್ದರಿಂದ ಅದರ ದಾಖಲೆಗೆ ಕೊಲ್ಹಾಪುರಕ್ಕೇ ಹೋಗಬೇಕು. ಒಂದೇ ತಾಲೂಕಿನ ಎರಡು ಊರುಗಳ ಇತಿಹಾಸಕ್ಕೆ ಎರಡು ದಿಕ್ಕು. 1939ರ ಘಟನೆಯನ್ನು ಹೋರಾಟಗಾರರ ನೆನಪಿನ ಬದಿಯಿಂದ ನೋಡಲು ಸೂರ್ಯನಾಥ ಕಾಮತರು ಸಂಪಾದಿಸಿದ ‘ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು’ ಸಂಪುಟಗಳಿಂದ ತೊಡಗಬಹುದು. ಆಗ ಸತ್ತ ಪೊಲೀಸರ ಮನೆಯವರ ನೆನಪನ್ನು ಕೇಳಿ ಬರೆದಿಡುವ ಕೆಲಸವೂ ಅಷ್ಟೇ ಅಗತ್ಯದ್ದು.

ಬಾಯಿಮಾತಿನ ಆಕರಕ್ಕೆ ಬೈಲಹೊಂಗಲದಷ್ಟು ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ಸಂಗ್ಯಾ ಬಾಳ್ಯಾ ಆಟದ ಹಿಂದಿನ ಕೊಲೆ ಈ ಊರಿನದೆಂದು ಪ್ರತೀತಿ. ಫ್ಲೀಟ್ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗ್ಯಾನ ಲಾವಣಿಯೂ ಇದೆ, ಸಂಗೊಳ್ಳಿ ರಾಯಣ್ಣನದೂ ಇದೆ, ಹಲಗಲಿಯ ಬೇಡರದೂ ಇದೆ. ಬೈಲಹೊಂಗಲದ ಪತ್ತಾರ ಮಾಸ್ತರರ ಹೆಸರಿನಲ್ಲಿ ಸಣ್ಣಾಟ ನಿಂತಿತು. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಆಧುನಿಕ ಓದುಗರಿಗೆ, ರಂಗಕ್ಕೆ ತಂದರು. ಒಂದೇ ಘಟನೆ ಲಾವಣಿಯಾಗಿ, ಆಟವಾಗಿ, ಪಠ್ಯವಾಗಿ, ಊರವರ ಮಾತಾಗಿ ನಾಲ್ಕು ರೂಪದಲ್ಲಿ ಉಳಿದಿದೆ. ಕಥೆಯ ನಾಯಕಿ ಗಂಗಿಯ ಪಾತ್ರ ಯಾವ ರೂಪದಲ್ಲಿ ಹೇಗೆ ಬದಲಾಯಿತು, ಸಂಗ್ಯಾನ ಮೇಲೆ ಕರುಣೆ ಎಲ್ಲಿಂದ ಶುರುವಾಯಿತು ಎಂದು ಹೋಲಿಸಿ ನೋಡುವುದು ಜಾನಪದಕ್ಕೂ ಸಮಾಜಶಾಸ್ತ್ರಕ್ಕೂ ಸೇರಿದ ಪ್ರಶ್ನೆ. ಕ್ಷೇತ್ರಕಾರ್ಯಕ್ಕೆ ಹೋದವರು ಹಾಡನ್ನು ಧ್ವನಿಮುದ್ರಿಸಿಕೊಂಡು ಬಂದು ‘ಜನಪದರು ಹೀಗೆ ಹಾಡುತ್ತಾರೆ’ ಎಂದು ಬರೆದರೆ ಆಕರ ಅರ್ಧ ಸತ್ತಂತೆ. ಯಾರು, ಯಾವ ಊರಲ್ಲಿ, ಯಾರಿಂದ ಕಲಿತು, ಯಾವ ಸಂದರ್ಭಕ್ಕೆ, ಎದುರಿಗೆ ಯಾರು ಕೂತಿದ್ದಾಗ ಹಾಡಿದರು ಎಂಬುದು ಜೊತೆಗಿರಬೇಕು. ಹಾಡಿದವರ ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಬೇಕು.

ಒಪ್ಪಿಗೆಯ ಈ ಪ್ರಶ್ನೆ ಅತ್ಯಂತ ತೀವ್ರವಾಗುವುದು ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಾಂತರ ಜನ ಸೇರುವಾಗ ಸಮಾಜಕಾರ್ಯದ, ಸಮಾಜಶಾಸ್ತ್ರದ, ಪತ್ರಿಕೋದ್ಯಮದ ವಿದ್ಯಾರ್ಥಿಗಳೂ ಪ್ರಶ್ನಾವಳಿ ಹಿಡಿದು ಬರುತ್ತಾರೆ. ಜೋಗತಿಯರ, ಜೋಗಪ್ಪಗಳ ಮುಂದೆ ಕೂತು ಮೊದಲ ಐದು ನಿಮಿಷದಲ್ಲೇ ‘ನಿಮಗೆ ಮುತ್ತು ಕಟ್ಟಿದ್ದು ಯಾವಾಗ’ ಎಂದು ಕೇಳುತ್ತಾರೆ. ದೇವದಾಸಿ ಪದ್ಧತಿಯ ವಿರುದ್ಧ ಮುಂಬಯಿ ಪ್ರಾಂತದ ಕಾನೂನು 1934ರಲ್ಲಿ ಬಂತು, ಕರ್ನಾಟಕ ಆಮೇಲೆ 1982ರ ಕಾಯ್ದೆಯನ್ನು ತಂದಿತು. ಮುತ್ತು ಕಟ್ಟುವುದು, ಅಂದರೆ ದೇವಿಗೆ ಅರ್ಪಿಸುವುದು, ಅಪರಾಧ. ಹಾಗಿರುವಾಗ ಆ ಪ್ರಶ್ನೆಗೆ ಸಿಗುವ ಉತ್ತರ ಒಬ್ಬ ತಾಯಿಯನ್ನೋ ಅಣ್ಣನನ್ನೋ ಪೊಲೀಸ್ ಠಾಣೆಗೆ ಎಳೆಯಬಹುದು. ಮಹಿಳೆಯ ಹೆಸರು, ಊರು, ಫೋಟೊ ಮೂರನ್ನೂ ಪ್ರಬಂಧದ ಅನುಬಂಧದಲ್ಲಿ ಹಾಕುವುದು ಎಂದಿಗೂ ಸಲ್ಲದು. ಆ ಪ್ರಬಂಧ ನಾಳೆ ಅಂತರ್ಜಾಲಕ್ಕೆ ಏರುತ್ತದೆ, ಅವರ ಮಕ್ಕಳ ಮದುವೆಯ ಮಾತುಕತೆಯ ಹೊತ್ತಿಗೂ ಅದು ಅಲ್ಲೇ ಇರುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್ ಉತ್ತರ ಕರ್ನಾಟಕದ ಜೋಗತಿಯರ ನಡುವೆ ದೀರ್ಘಕಾಲ ಇದ್ದು ಬರೆದ ‘ಗಿವನ್ ಟು ದ ಗಾಡೆಸ್’ 2014ರಲ್ಲಿ ಬಂತು. ಅದರ ವಾದವನ್ನು ಒಪ್ಪದವರೂ ಅಲ್ಲಿಂದ ಒಂದನ್ನು ಕಲಿಯಬಹುದು: ಜೋಗತಿಯರು ತಮ್ಮ ಬದುಕನ್ನು ತಾವೇ ಹೇಗೆ ವಿವರಿಸುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳುವುದು. ಹುಣ್ಣಿಮೆಯ ಗದ್ದಲದಲ್ಲಿ ಒಂದು ದಿನದಲ್ಲಿ ನೂರು ಪ್ರಶ್ನಾವಳಿ ತುಂಬಿಸುವುದಕ್ಕಿಂತ, ಗುಡ್ಡ ಖಾಲಿಯಿರುವ ದಿನಗಳಲ್ಲಿ ನಾಲ್ಕು ಜನರ ಜೊತೆ ಹಲವು ಸಲ ಕೂತು ಮಾತಾಡುವುದು ಒಳ್ಳೆಯ ಸಂಶೋಧನೆ.

ಅರ್ಥಶಾಸ್ತ್ರ, ರಾಜ್ಯಶಾಸ್ತ್ರದವರಿಗೆ ಮಲಪ್ರಭೆಯೇ ಗ್ರಂಥಾಲಯ. ನವಿಲುತೀರ್ಥದ ಅಣೆಕಟ್ಟು 1970ರ ದಶಕದ ಆರಂಭಕ್ಕೆ ಮುಗಿಯಿತು. ಕಾಲುವೆಯ ನೀರು ಸರಿಯಾಗಿ ಬಾರದೆ ಅಭಿವೃದ್ಧಿ ಕರ ಮಾತ್ರ ಬಂದಾಗ ಅಚ್ಚುಕಟ್ಟಿನ ರೈತರು ಎದ್ದರು, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ಕರ್ನಾಟಕದ ರೈತ ಚಳವಳಿಯ ಇತಿಹಾಸ ಅಲ್ಲಿಂದ ತಿರುವು ಪಡೆಯಿತು. ಎಂ.ವಿ. ನಾಡಕರ್ಣಿಯವರ 1987ರ ಪುಸ್ತಕ ಈ ವಿಷಯದ ಅಧ್ಯಯನಕ್ಕೆ ಅಡಿಪಾಯ. ನರಗುಂದ, ನವಲಗುಂದದ ಕಥೆ ಎಲ್ಲರಿಗೂ ಗೊತ್ತು. ಅದೇ ಅಚ್ಚುಕಟ್ಟಿನ ಸವದತ್ತಿಯ ಕಥೆ ಇನ್ನೂ ಬಿಡಿಯಾಗಿದೆ. 2019ರ ಆಗಸ್ಟಿನಲ್ಲಿ ರಾಮದುರ್ಗಕ್ಕೆ ನುಗ್ಗಿದ ಮಲಪ್ರಭೆಯ ಪ್ರವಾಹದ ಬಗ್ಗೆ ಪರಿಹಾರದ ಪಟ್ಟಿಗಳು, ಗ್ರಾಮ ಪಂಚಾಯಿತಿಯ ನಡಾವಳಿಗಳು, ಅಂದಿನ ದಿನಪತ್ರಿಕೆಗಳು ಎಲ್ಲವೂ ಈಗಲೇ ಕೈಗೆಟುಕುವಂತಿವೆ. ಮಾಹಿತಿ ಹಕ್ಕಿನ ಅರ್ಜಿಯೂ ಒಂದು ಸಂಶೋಧನಾ ಸಾಧನ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕು. ಊರಿನ ಭೂಮಿ ಯಾರಿಂದ ಯಾರಿಗೆ ಹೋಯಿತು ಎಂಬುದಕ್ಕೆ ಹಳೆಯ ಕೈಬರಹದ ಉತಾರಗಳು, ಭೂನ್ಯಾಯ ಮಂಡಳಿಯ ತೀರ್ಪುಗಳು ತಹಶೀಲ್ದಾರ ಕಚೇರಿಯಲ್ಲೇ ಇವೆ.

ಅಂಕಿಸಂಖ್ಯೆಗಳ ವಿಷಯ ಚಿಕ್ಕದಾಗಿ. ಜನಗಣತಿಯ ಜಿಲ್ಲಾ ಕೈಪಿಡಿ ಹಳ್ಳಿ ಹಳ್ಳಿಯ ಲೆಕ್ಕ ಕೊಡುತ್ತದೆ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ 35 ಸೂಚ್ಯಂಕಗಳನ್ನು ಇಟ್ಟುಕೊಂಡು ಆಗಿನ 175 ತಾಲೂಕುಗಳನ್ನು ಅಳೆದು 114 ತಾಲೂಕುಗಳು ಹಿಂದುಳಿದಿವೆ ಎಂದಿತು. ಕಿತ್ತೂರು, ಯರಗಟ್ಟಿಗಳು ತಾಲೂಕಾದದ್ದು ಅದರ ನಂತರ. ಹೊಸ ತಾಲೂಕಿನ ಇಂದಿನ ಅಂಕಿಯನ್ನು ಹಳೆಯ ಬೈಲಹೊಂಗಲದ ಅಥವಾ ಸವದತ್ತಿಯ ಅಂಕಿಗೆ ಹಾಗೆಯೇ ಹೋಲಿಸಿದರೆ ತೀರ್ಮಾನ ತಪ್ಪುತ್ತದೆ. ಹಳ್ಳಿಗಳ ಪಟ್ಟಿ ಕೂಡಿಸಿ ಗಡಿ ಸರಿಮಾಡಿಕೊಂಡ ಮೇಲೆಯೇ ಹೋಲಿಕೆ.

ಇನ್ನು ಫೋನಿನಲ್ಲೇ ಸಿಗುವ ಆಕರಗಳು. ಗ್ಯಾಸೆಟಿಯರ್, ಇಂಡಿಯನ್ ಆಂಟಿಕ್ವರಿ, ಎಪಿಗ್ರಾಫಿಯಾ ಇಂಡಿಕಾ ಎಲ್ಲವೂ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಸಾವಿರಾರು ಹಳೆಯ ಕನ್ನಡ ಪುಸ್ತಕಗಳೂ ಅಲ್ಲಿವೆ. 2025ರ ಜನವರಿ 1ರಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಇದು ದೊಡ್ಡ ಅವಕಾಶ. ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಗ್ರಂಥಪಾಲಕರ ಬಳಿ ಹೋಗಿ ಲಾಗಿನ್ ಕೇಳಬೇಕು. ಮಹಾಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಇದೆ; ಕರ್ನಾಟಕ ವಿಶ್ವವಿದ್ಯಾಲಯದ, 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪ್ರಬಂಧಗಳನ್ನು ಅಲ್ಲಿ ಹುಡುಕಬಹುದು.

ಹುಡುಕಾಟದಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಡಕಿದೆ. ಬಹಳಷ್ಟು ಕನ್ನಡ ಪ್ರಬಂಧಗಳನ್ನು ಯೂನಿಕೋಡ್ ಬಿಟ್ಟು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಸಲಾಗಿದೆ. ಪರದೆಯ ಮೇಲೆ ‘ಕಿತ್ತೂರು’ ಎಂದು ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಕಲಿಸಿ ಬೇರೆಡೆ ಅಂಟಿಸಿದರೆ ರೋಮನ್ ಅಕ್ಷರಗಳ ಗೊಂದಲ ಬರುತ್ತದೆ. ಕಂಪ್ಯೂಟರಿನ ಮಟ್ಟಿಗೆ ಆ ಪ್ರಬಂಧದಲ್ಲಿ ಕಿತ್ತೂರೇ ಇಲ್ಲ. ‘ಕಿತ್ತೂರು’ ಎಂದು ಹುಡುಕಿದವರಿಗೆ ಅದು ಸಿಗುವುದೂ ಇಲ್ಲ. ಹೀಗೆ ಒಬ್ಬರು ಐದು ವರ್ಷ ದುಡಿದು ಬರೆದದ್ದು ಮುಂದಿನವರ ಕಣ್ಣಿಗೆ ಬೀಳದೆ, ಅದೇ ವಿಷಯದ ಮೇಲೆ ಮತ್ತೆ ಅದೇ ಪ್ರಬಂಧ ಹುಟ್ಟುತ್ತದೆ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ನಿಯಮ ತಂದು ಶೇ. 10ರವರೆಗಿನ ಹೋಲಿಕೆಯನ್ನು ಮಾತ್ರ ಬಿಟ್ಟಿತು, ತಂತ್ರಾಂಶದ ತಪಾಸಣೆಯನ್ನೂ ತಂದಿತು. ಯೂನಿಕೋಡ್ ಅಲ್ಲದ ಕನ್ನಡ ಪುಟವನ್ನು ಓದಲಾಗದ ತಂತ್ರಾಂಶ ಅದರಲ್ಲಿ ಯಾವ ನಕಲನ್ನು ಹಿಡಿದೀತು? ಮಾರ್ಗದರ್ಶಕರು ಯೂನಿಕೋಡ್‌ನಲ್ಲೇ ಬರೆಯಬೇಕೆಂದು ಪಟ್ಟು ಹಿಡಿದರೆ ಈ ತೊಡಕು ಒಂದು ತಲೆಮಾರಿನಲ್ಲಿ ತೀರುತ್ತದೆ.

ಈಚೆಗೆ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಕೇಳಿ ಗ್ರಂಥಋಣದ ಪಟ್ಟಿ ಮಾಡುವುದು ಹಬ್ಬುತ್ತಿದೆ. ಅವು ಇಲ್ಲದ ಪುಸ್ತಕಕ್ಕೆ ನಿಜವಾದ ಲೇಖಕನ ಹೆಸರು, ಪ್ರಕಾಶನ, ಇಸವಿ ಜೋಡಿಸಿ ಕೊಡುವುದುಂಟು. ಬೈಲಹೊಂಗಲ, ಸವದತ್ತಿಗಳಂಥ ಊರುಗಳ ಬಗ್ಗೆ ಅಂತರ್ಜಾಲದಲ್ಲಿ ಪಠ್ಯ ಕಡಿಮೆ ಇರುವುದರಿಂದ ಇಂಥ ಸೃಷ್ಟಿಯ ಅಪಾಯ ಹೆಚ್ಚು. ಕೈಯಲ್ಲಿ ಹಿಡಿದು ಪುಟ ತೆರೆದು ನೋಡದ ಪುಸ್ತಕವನ್ನು ಪಟ್ಟಿಗೆ ಸೇರಿಸಬಾರದು ಎಂಬ ಹಳೆಯ ನಿಯಮಕ್ಕೆ ಈಗ ಎಂದಿಗಿಂತ ಹೆಚ್ಚು ಬೆಲೆ ಬಂದಿದೆ.

ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟರು. ಆ ಟ್ರಸ್ಟಿನ ಹಣದಿಂದ ಹಲವು ತಲೆಮಾರು ಓದಿದೆ. ಈಗ ಈ ಸೀಮೆಯ ಓದುಗರಿಂದ ಬೇಕಾದ ದಾನ ಇನ್ನೊಂದು ಬಗೆಯದು. ದೇಸಗತಿ ವಾಡೆಗಳಲ್ಲಿ, ಗೌಡಕಿ, ಕುಲಕರ್ಣಿ ಮನೆಗಳಲ್ಲಿ, ಮಠಗಳ ಅಟ್ಟದ ಮೇಲೆ ಹಳೆಯ ದಫ್ತರಗಳಿವೆ. ಮನೆ ಕೆಡವುವಾಗ ಅವು ರದ್ದಿಗೆ ಹೋಗುತ್ತವೆ, ಇಲ್ಲವೆ ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ. ಅಂಥ ಗಂಟು ಯಾರ ಮನೆಯಲ್ಲಿದ್ದರೂ ಬಿಚ್ಚಿ ಒಣ ಜಾಗದಲ್ಲಿಡಲಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದವರನ್ನು ಕರೆದು ತೋರಿಸಲಿ, ಫೋಟೊ ತೆಗೆಯಲು ಬಿಡಲಿ. ಮೂಲ ಕಾಗದ ಮನೆಯಲ್ಲೇ ಇರಬಹುದು. ಕಾಲೇಜುಗಳೂ ತಮ್ಮ ಪಾಲಿನ ಕೆಲಸ ಮಾಡಲಿ: ತಮ್ಮ ತಾಲೂಕಿನ ಶಾಸನ, ಕಡತ, ಲಾವಣಿ, ಪ್ರಬಂಧಗಳು ಎಲ್ಲೆಲ್ಲಿವೆ ಎಂಬ ಒಂದು ಆಕರಸೂಚಿಯನ್ನು ಪ್ರತಿ ವರ್ಷದ ಎಂ.ಎ. ವಿದ್ಯಾರ್ಥಿಗಳಿಂದ ಸ್ವಲ್ಪಸ್ವಲ್ಪವಾಗಿ ಬೆಳೆಸಿ, ಯೂನಿಕೋಡ್‌ನಲ್ಲಿ, ಎಲ್ಲರಿಗೂ ಸಿಗುವಂತೆ ಇಡಲಿ.